ಭೂಕಂಪದ ಮರುದಿನಕ್ಕೊಂದು ಸೇತುವೆ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರನ್ನು ವಿಲ್ಯಾಮೆಟ್ ನದಿ ಎರಡು ಹೋಳು ಮಾಡಿದೆ. ಪೇಟೆ, ಕಚೇರಿಗಳು, ಗುಡ್ಡದ ಮೇಲಿನ ದೊಡ್ಡಾಸ್ಪತ್ರೆ ಪಶ್ಚಿಮ ದಡದಲ್ಲಿವೆ. ವಿಮಾನ ನಿಲ್ದಾಣ ಮತ್ತು ಜಾಸ್ತಿ ಜನ ಬದುಕುವ ಬಡಾವಣೆಗಳು ಪೂರ್ವ ದಡದಲ್ಲಿವೆ. ನಡುವೆ ಸೇತುವೆಗಳಿಗೇನೂ ಬರವಿಲ್ಲ, ಹತ್ತಕ್ಕಿಂತ ಜಾಸ್ತಿಯೇ ಇವೆ. ಹಾಗಿದ್ದೂ ದೊಡ್ಡ ಭೂಕಂಪವಾದ ಮರುದಿನ ನಡುಪೇಟೆಯಲ್ಲಿ ಒಂದು ಆಂಬುಲೆನ್ಸ್, ಹಿಂದೆ ನಾಲ್ಕು ಲಾರಿ ನಿಶ್ಚಿಂತೆಯಿಂದ ನದಿ ದಾಟಬಹುದು ಎಂದು ಯಾವ ರಸ್ತೆ ಸೇತುವೆಯ ಬಗ್ಗೆಯೂ ಧೈರ್ಯವಾಗಿ ಹೇಳುವಂತಿಲ್ಲ. ಹೆದ್ದಾರಿಯ ಎರಡು ದೊಡ್ಡ ಸೇತುವೆಗಳಾದ ಮಾರ್ಕಮ್ ಮತ್ತು ಫ್ರೀಮಾಂಟ್ 1966ರಲ್ಲಿ ಮತ್ತು 1973ರಲ್ಲಿ ಬಂದವು. ಅವುಗಳ ಮೇಲೆ ಹತ್ತುವ ದಾರಿಗಳೇ ಕಂಬದ ಮೇಲೆ ಕಂಬವಾಗಿ ಹೆಣೆದುಕೊಂಡಿವೆ. 2015ರ ಟಿಲಿಕಮ್, 2016ರ ಸೆಲ್‌ವುಡ್ ಸೇತುವೆಗಳನ್ನು ಹೊಸ ನಿಯಮದ ಪ್ರಕಾರ ಕಟ್ಟಿದ್ದಾರೆ. ಆದರೆ ಟಿಲಿಕಮ್ ಮೇಲೆ ಸಾಮಾನ್ಯ ಗಾಡಿಗಳಿಗೆ ಜಾಗವಿಲ್ಲ. ಸೆಲ್‌ವುಡ್ ನಡುಪೇಟೆಯಿಂದ ಸಾಕಷ್ಟು ದಕ್ಷಿಣಕ್ಕಿದೆ.

ಹಾಗಾಗಿ ಊರಿನ ಕಣ್ಣು ಬರ್ನ್‌ಸೈಡ್ ಸೇತುವೆಯ ಮೇಲೆ. 1926ರಲ್ಲಿ ತೆರೆದ ಈ ಸೇತುವೆಯನ್ನು ಕೆಡವಿ ಹೊಸದು ಕಟ್ಟಲು ಅದರ ಮಾಲೀಕರಾದ ಮಲ್ಟ್‌ನೋಮಾ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಸುಮಾರು ಹತ್ತು ವರ್ಷದಿಂದ ತಯಾರಿ ನಡೆಸಿದ್ದಾರೆ. ಬರ್ನ್‌ಸೈಡ್ ರಸ್ತೆ ಪೂರ್ವದ ಗ್ರೆಶಮ್‌ನಿಂದ ಹಿಡಿದು ಪಶ್ಚಿಮದ ಗುಡ್ಡ ದಾಟಿ ವಾಷಿಂಗ್ಟನ್ ಕೌಂಟಿಯವರೆಗೆ ಹೆಚ್ಚುಕಮ್ಮಿ ನೇರವಾಗಿ ಹೋಗುತ್ತದೆ. ದಾರಿಯ ಮೇಲೆ ಬೀಳಬಹುದಾದ ಮೇಲ್ಸೇತುವೆಗಳು ಕಡಿಮೆ. 1996ರಲ್ಲೇ ಇದನ್ನು ಆಪತ್ತಿನ ಕಾಲದ ಮುಖ್ಯ ದಾರಿ ಎಂದು ಗುರುತಿಸಿದರು. ಉಳಿದಿದ್ದು ನದಿಯ ಮೇಲಿನ ಆ ಒಂದು ತುಂಡು.

ಸೇತುವೆಯ ವಿಷಯಕ್ಕೆ ಬರುವ ಮೊದಲು ಭೂಕಂಪದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಉತ್ತರ ಕ್ಯಾಲಿಫೋರ್ನಿಯಾದಿಂದ ಕೆನಡಾದ ವ್ಯಾಂಕೂವರ್ ದ್ವೀಪದವರೆಗೆ, ಸುಮಾರು 1000 ಕಿಲೋಮೀಟರ್ ಉದ್ದಕ್ಕೆ, ಸಮುದ್ರದ ತಳದ ಒಂದು ಫಲಕ ಖಂಡದ ಅಡಿಗೆ ನುಗ್ಗುತ್ತಿದೆ. ಇದೇ ಕ್ಯಾಸ್ಕೇಡಿಯಾ ವಲಯ. ಎರಡು ಫಲಕಗಳೂ ಒಂದಕ್ಕೊಂದು ಕಚ್ಚಿಕೊಂಡು ಕೂತಿವೆ, ಒತ್ತಡ ಏರುತ್ತಲೇ ಇದೆ. ಕಡೆಯ ಸಲ ಅದು ಬಿಟ್ಟುಕೊಂಡದ್ದು 1700ರ ಜನವರಿ 26ರ ರಾತ್ರಿ. ತೀವ್ರತೆ ಸುಮಾರು 9. ಆಗ ಅಲ್ಲಿ ಬರೆದಿಡುವವರು ಯಾರೂ ಇರಲಿಲ್ಲ. ಮೂಲನಿವಾಸಿಗಳ ಕಥೆಗಳಲ್ಲಿ ನೆಲ ಅಲುಗಿದ, ಸಮುದ್ರ ಉಕ್ಕಿದ ನೆನಪು ಮಾತ್ರ ಉಳಿದಿತ್ತು. ಇಷ್ಟು ಕರಾರುವಾಕ್ಕಾಗಿ ತಾರೀಕು ಸಿಕ್ಕಿದ್ದು ಹೇಗೆ ಅಂದರೆ, ವಾಷಿಂಗ್ಟನ್ ಕರಾವಳಿಯಲ್ಲಿ ನೆಲ ಕುಸಿದು ಉಪ್ಪುನೀರು ನುಗ್ಗಿ ನಿಂತಲ್ಲೇ ಸತ್ತ ಮರಗಳ ಕಾಡುಗಳಿವೆ. ಆ ಮರಗಳ ಕಾಂಡದ ಉಂಗುರ ಎಣಿಸಿದರೆ ಅವು ಸತ್ತದ್ದು 1699ರ ಕೊನೆ ಮತ್ತು 1700ರ ಮೊದಲ ತಿಂಗಳುಗಳ ನಡುವೆ ಎಂದು ಬಂತು. ಅತ್ತ ಜಪಾನಿನ ಕರಾವಳಿಯ ಹಳೆ ಕಡತಗಳಲ್ಲಿ, ಭೂಕಂಪವೇ ಆಗದೆ ಒಂದು ಸುನಾಮಿ ಬಂದು ಮನೆಗಳನ್ನೂ ಗದ್ದೆಗಳನ್ನೂ ಹಾಳು ಮಾಡಿದ ದಾಖಲೆ ಇತ್ತು. ಎರಡನ್ನೂ ಜೋಡಿಸಿದಾಗ ದಿನ ಮಾತ್ರವಲ್ಲ, ಹೊತ್ತೂ ಸಿಕ್ಕಿತು. ಇದೆಲ್ಲ ಗೊತ್ತಾದದ್ದು 1980 ಮತ್ತು 90ರ ದಶಕಗಳಲ್ಲಿ.

ಅಂದರೆ 1926ರಲ್ಲಿ ಬರ್ನ್‌ಸೈಡ್ ಕಟ್ಟಿದವರಿಗೆ ಇದರ ಸುಳಿವೂ ಇರಲಿಲ್ಲ. ಭೂಫಲಕಗಳು ಸರಿಯುತ್ತವೆ ಎಂಬ ಮಾತನ್ನೇ ವಿಜ್ಞಾನಿಗಳು ಒಪ್ಪಿಕೊಂಡದ್ದು 1960ರ ದಶಕದಲ್ಲಿ. ಹಾಗಾಗಿ ಆ ಸೇತುವೆಯ ದೋಷವನ್ನು ಕಟ್ಟಿದವರ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರು ದಿನನಿತ್ಯದ ಓಡಾಟಕ್ಕೆ ಸೇತುವೆ ಕಟ್ಟಿದರು. ಸುಮಾರು ನೂರು ವರ್ಷ ಅದು ಆ ಕೆಲಸವನ್ನು ಚೆನ್ನಾಗಿಯೇ ಮಾಡಿದೆ.

ಈಗ ಕಟ್ಟಬೇಕಾದ್ದು ಬೇರೆ ಥರದ ಸೇತುವೆ. ಸಾಮಾನ್ಯವಾಗಿ ಭೂಕಂಪದ ನಿಯಮ ಕೇಳುವುದು ಒಂದೇ ಮಾತು: ಸೇತುವೆ ಕುಸಿದು ಜನ ಸಾಯಬಾರದು. ಕಂಬ ಬಿರುಕು ಬಿಡಲಿ, ಡೆಕ್ (ಗಾಡಿ ಓಡುವ ಹಾಸು) ವಾಲಲಿ, ಆಮೇಲೆ ಕೆಡವಿದರೂ ಆಯಿತು, ಅದರ ಮೇಲಿದ್ದವರು ಬದುಕಿದರೆ ಸೇತುವೆ ಪಾಸಾದಂತೆ. ಬರ್ನ್‌ಸೈಡ್‌ಗೆ ಇಟ್ಟ ಗುರಿ ಅದಕ್ಕಿಂತ ಬಹಳ ಮೇಲಿನದು. ಕ್ಯಾಸ್ಕೇಡಿಯಾ ಪೂರ್ತಿ ಅಲುಗಿದ ಮೇಲೂ ಸೇತುವೆ ಬಳಕೆಗೆ ಸಿಗಬೇಕು. ಆ ಒಂದು ದಿನದ ಕೆಲಸವೇ ಕಂಬ ಎಲ್ಲಿ ನಿಲ್ಲಬೇಕು, ಅಗಲ ಎಷ್ಟಿರಬೇಕು, ಹಳೆಯದನ್ನು ಉಳಿಸಬೇಕಾ ಬೇಡವಾ ಎನ್ನುವುದನ್ನೆಲ್ಲ ತೀರ್ಮಾನ ಮಾಡಿದೆ. ಈ ಯೋಜನೆಯ ಬಗ್ಗೆ ಕೇಳಿಬರುವ ತಕರಾರುಗಳಲ್ಲಿ ಅರ್ಧದಷ್ಟು ಈ ಗುರಿ ತಲೆಯಲ್ಲಿ ಇಲ್ಲದಿರುವುದರಿಂದ ಹುಟ್ಟಿದವು ಅನ್ನುವುದು ನನ್ನ ಅನಿಸಿಕೆ.

ನಮ್ಮ ದೇಶದಲ್ಲೇ ಈ ಮಾತಿಗೆ ಒಂದು ಉದಾಹರಣೆ ಇದೆ. 2001ರ ಜನವರಿ 26ರಂದು ಭುಜ್ ಭೂಕಂಪ ಆದಾಗ ಕಚ್ಛ್‌ಗೆ ಹೋಗುವ ಮುಖ್ಯ ದಾರಿಯಲ್ಲಿದ್ದ ಸೂರಜ್‌ಬಾರಿ ಸೇತುವೆಗೆ ಪೆಟ್ಟು ಬಿತ್ತು. ಸೇತುವೆ ಪೂರ್ತಿ ಉರುಳಲಿಲ್ಲ. ಆದರೂ ಸಹಾಯದ ಗಾಡಿಗಳು ಅತ್ಯಂತ ಬೇಕಾದ ಹೊತ್ತಿನಲ್ಲೇ ಓಡಾಟಕ್ಕೆ ತೊಡಕಾಯಿತು.

ಇನ್ನು ಮಣ್ಣಿನ ವಿಷಯ. ಇಡೀ ಯೋಜನೆಯ ಗುಟ್ಟು ಇಲ್ಲೇ ಇದೆ. ಮಲ್ಪೆಯಲ್ಲೋ ಕಾಪುವಿನಲ್ಲೋ ಅಲೆ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ನಿಂತು ಪಾದ ಅಲುಗಿಸಿ ನೋಡಿ. ಗಟ್ಟಿಯಾಗಿದ್ದ ಮರಳು ಸಡಿಲವಾಗುತ್ತದೆ, ನೀರು ಮೇಲೆ ಬರುತ್ತದೆ, ಕಾಲು ಹೂತುಕೊಳ್ಳುತ್ತದೆ. ನದಿ ದಡದ ಸಡಿಲ ಮರಳುಮಣ್ಣು ಭೂಕಂಪದಲ್ಲಿ ಮಾಡುವುದೂ ಇದನ್ನೇ. ಕಣಗಳ ನಡುವಿನ ನೀರಿಗೆ ಒತ್ತಡ ಏರಿ, ಕಣಗಳ ಹಿಡಿತ ತಪ್ಪಿ, ಮಣ್ಣು ಸ್ವಲ್ಪ ಹೊತ್ತು ದ್ರವದ ಹಾಗೆ ನಡೆದುಕೊಳ್ಳುತ್ತದೆ. ದಡ ಇಳಿಜಾರಾಗಿದ್ದರೆ ಆ ಮಣ್ಣಿನ ಜೊತೆ ಮೇಲಿನ ನೆಲವೂ ನದಿಯ ಕಡೆಗೆ ಜಾರುತ್ತದೆ. ನಡುವೆ ಕಂಬ ಇದ್ದರೆ ಅದನ್ನೂ ದೂಡಿಕೊಂಡು ಹೋಗುತ್ತದೆ. ಕ್ಯಾಸ್ಕೇಡಿಯಾದಲ್ಲಿ ಇದು ಇನ್ನೂ ಕೆಟ್ಟದು, ಯಾಕಂದರೆ ಅಲುಗಾಟ ಬಹಳ ಹೊತ್ತು ಇರುತ್ತದೆ. 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಆದ ಭೂಕಂಪದಲ್ಲಿ ಜೋರಾದ ಅಲುಗಾಟ ಇದ್ದದ್ದು ಹದಿನೈದು ಸೆಕೆಂಡ್ ಆಸುಪಾಸು. ಇಲ್ಲಿ ಮೂರರಿಂದ ಐದು ನಿಮಿಷ ಎಂದು ಲೆಕ್ಕ ಹಾಕಿದ್ದಾರೆ. ಮೊದಲ ನಿಮಿಷ ತಡೆದುಕೊಂಡ ಮಣ್ಣು ಮೂರನೇ ನಿಮಿಷದಲ್ಲಿ ಕೈಕೊಡಬಹುದು.

ಜಪಾನಿನ ನಿಗಾಟಾದಲ್ಲಿ 1964ರ ಜೂನ್ 16ರಂದು ಆದದ್ದನ್ನು ಸೇತುವೆ ಎಂಜಿನಿಯರುಗಳು ಇವತ್ತಿಗೂ ಪಾಠದಲ್ಲಿ ಓದುತ್ತಾರೆ. ಶಿನಾನೋ ನದಿಯ ಮೇಲಿನ ಶೋವಾ ಸೇತುವೆ ಆಗಷ್ಟೇ ಕಟ್ಟಿ ಮುಗಿದಿತ್ತು, ತೆರೆದು ಹೆಚ್ಚುಕಮ್ಮಿ ಒಂದು ತಿಂಗಳು. ಭೂಕಂಪದಲ್ಲಿ ಅದರ ಸ್ಪ್ಯಾನುಗಳು, ಅಂದರೆ ಕಂಬದಿಂದ ಕಂಬಕ್ಕೆ ಹಾಸಿದ ತುಂಡುಗಳು, ಒಂದರ ಹಿಂದೊಂದು ನೀರಿಗೆ ಜಾರಿದವು. ಜೋರಾದ ಅಲುಗಾಟ ತಗ್ಗಿದ ಮೇಲೆ ಅವು ಬಿದ್ದವು ಎಂದು ನೋಡಿದವರು ಹೇಳಿದರು. ಅಡಿಯ ಮಣ್ಣು ಸರಿದು ಪೈಲುಗಳು (ನೆಲದೊಳಗೆ ಇಳಿಸಿದ ಅಡಿಪಾಯದ ಕಂಬಗಳು) ಬಾಗಿದ್ದವು. ಅದೇ ನದಿಯ ಮೇಲೆ ಹತ್ತಿರದಲ್ಲೇ ಇದ್ದ 1929ರ ಬಂದಾಯ್ ಸೇತುವೆ ಸಣ್ಣಪುಟ್ಟ ಪೆಟ್ಟು ತಿಂದು ನಿಂತೇ ಇತ್ತು. ಹೊಸದು ಬಿತ್ತು, ಹಳೆಯದು ಉಳಿಯಿತು. ಸೇತುವೆಯ ವಯಸ್ಸನ್ನಷ್ಟೇ ನೋಡಿ ಅಪಾಯ ಅಳೆಯಲು ಆಗುವುದಿಲ್ಲ ಅಂತ ಇದರಿಂದ ತಿಳಿಯುತ್ತದೆ. ನೆಲ ಏನು, ಅಡಿಪಾಯ ಆ ನೆಲದಲ್ಲಿ ಹೇಗೆ ಕೂತಿದೆ ಅನ್ನುವುದು ಮುಖ್ಯ.

ಬರ್ನ್‌ಸೈಡ್‌ನಲ್ಲಿ ಕೆಟ್ಟ ಮಣ್ಣು ಜಾಸ್ತಿ ಇರುವುದು ಪೂರ್ವ ದಡದಲ್ಲಿ. ಹಳೆಯ ಸೇತುವೆ ಮರದ ಪೈಲುಗಳ ಮೇಲೆ ನಿಂತಿದೆ. ಪೂರ್ವದ ಕಡೆ ಅದರ ಅಡಿಯಲ್ಲೇ ಐ-5 ಹೆದ್ದಾರಿ, ಯೂನಿಯನ್ ಪೆಸಿಫಿಕ್ ರೈಲು ಹಳಿ ಎರಡೂ ಹಾದುಹೋಗುತ್ತವೆ. ಸೇತುವೆ ಬಿದ್ದರೆ ಬಿದ್ದ ಅವಶೇಷ ಅವುಗಳ ಮೇಲೆಯೇ. ಈ ಭಾಗದಲ್ಲಿ ಕಂಬ ಗಟ್ಟಿ ಮಾಡುತ್ತೇವೆ ಅಂತ ಹೊರಟರೆ ಪ್ರತಿ ಕಂಬಕ್ಕೂ ಮಣ್ಣಿನ ಆಳದ ಗಟ್ಟಿ ಪದರದವರೆಗೆ ಹೊಸ ಅಡಿಪಾಯ ಇಳಿಸಬೇಕು, ಸುತ್ತಲ ಮಣ್ಣನ್ನೂ ಗಟ್ಟಿ ಮಾಡಬೇಕು. ಅದನ್ನು ಹೆದ್ದಾರಿ, ರೈಲು, ಕಟ್ಟಡಗಳ ಸಂದಿಯಲ್ಲಿ ಮಾಡಬೇಕು. ಇದಕ್ಕಿಂತ ಸುಲಭವಾದ ಒಂದು ದಾರಿ ಇದೆ: ಆ ಮಣ್ಣಿನಲ್ಲಿ ಕಂಬವನ್ನೇ ನಿಲ್ಲಿಸದಿರುವುದು. ಕೌಂಟಿ ಆರಿಸಿಕೊಂಡ ‘ಉದ್ದ ಸ್ಪ್ಯಾನ್’ ವಿನ್ಯಾಸದ ತರ್ಕ ಇಷ್ಟೇ. ಅಪಾಯದ ಮಣ್ಣಿನ ಪಟ್ಟಿಯನ್ನು ಒಂದೇ ಹಾರಿಗೆ ದಾಟಿಬಿಡುವುದು.

ಮೊದಮೊದಲು ಮೇಜಿನ ಮೇಲೆ ನೂರಕ್ಕೂ ಹೆಚ್ಚು ಯೋಚನೆಗಳಿದ್ದವು. ಸುರಂಗವೂ ಅದರಲ್ಲಿ ಒಂದು. ಸೋಸಿ ಸೋಸಿ ಉಳಿದವುಗಳಲ್ಲಿ ಹಳೆಯದನ್ನೇ ಬಲಪಡಿಸುವುದು ಒಂದು, ಹೊಸದಾಗಿ ಕಟ್ಟುವ ಬೇರೆಬೇರೆ ವಿಧಗಳು ಉಳಿದವು. ಹಳೆಯದನ್ನು ಬಲಪಡಿಸಿದರೆ ಕಡಿಮೆ ದುಡ್ಡಿನಲ್ಲಿ ಮುಗಿಯುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಇಲ್ಲಿ ಹಾಗಾಗಲಿಲ್ಲ. ಕಂಬ, ಅಡಿಪಾಯ, ಡೆಕ್ ಹೀಗೆ ಒಂದೊಂದನ್ನೇ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವ ಹಳೆಯ ಭಾಗ ಅಷ್ಟಕ್ಕಷ್ಟೆ. ಉಳಿದದ್ದು ನೂರು ವರ್ಷದ ಉಕ್ಕು, ಅದರ ನಿರ್ವಹಣೆಯ ಖರ್ಚು ಮುಂದೆಯೂ ಬೆನ್ನಿಗಿರುತ್ತದೆ. ಕೆಟ್ಟ ಮಣ್ಣಿನಲ್ಲಿ ಕಂಬಗಳ ಸಂಖ್ಯೆ ಮಾತ್ರ ಹಾಗೆಯೇ ಇರುತ್ತದೆ. 2020ರಲ್ಲಿ ಉದ್ದ ಸ್ಪ್ಯಾನನ್ನು ಮುಂದಿಟ್ಟಾಗ ಕಟ್ಟುವ ಆಯ್ಕೆಗಳಲ್ಲೆಲ್ಲ ಅದರ ಖರ್ಚೇ ಕಡಿಮೆ ಬಂದಿತ್ತು.

ಇದರಿಂದ ಕಳೆದುಹೋಗುವುದೂ ಇದೆ, ಅದನ್ನು ಮುಚ್ಚಿಡಬಾರದು. ಬರ್ನ್‌ಸೈಡ್ 2012ರಿಂದ ರಾಷ್ಟ್ರೀಯ ಐತಿಹಾಸಿಕ ಪಟ್ಟಿಯಲ್ಲಿರುವ ಸೇತುವೆ. ನದಿಯ ನಡುವೆ ನಿಂತ ಅದರ ಪುಟ್ಟ ಗೋಪುರಗಳು ಊರಿನ ಚಿತ್ರದಲ್ಲಿ ಸೇರಿಹೋಗಿವೆ. ಹೆಸರಾಂತ ಗುಸ್ತಾವ್ ಲಿಂಡೆಂತಾಲ್ ಅದರ ವಿನ್ಯಾಸವನ್ನು ಕೈಗೆತ್ತಿಕೊಂಡು ಮುಗಿಸಿದವರು. ಅವರಿಗಿಂತ ಮುಂಚೆ ಗುತ್ತಿಗೆಯ ಹಗರಣವಾಗಿ, 1924ರಲ್ಲಿ ಜನ ಮತ ಹಾಕಿ ಕೌಂಟಿ ಕಮಿಷನರುಗಳನ್ನೇ ಮನೆಗೆ ಕಳಿಸಿದ್ದರು. ಇಷ್ಟೆಲ್ಲ ಕಂಡ ಸೇತುವೆಯನ್ನು ಕೆಡವುವುದು ಹಗುರವಾದ ಮಾತಲ್ಲ. ಪೂರ್ವ ತುದಿಯ ಅಡಿಯಲ್ಲಿ 1990ರಲ್ಲಿ ಸ್ಕೇಟ್‌ಬೋರ್ಡ್ ಹುಡುಗರು ಯಾರ ಅನುಮತಿಯನ್ನೂ ಕೇಳದೆ, ತಾವೇ ಕಾಂಕ್ರೀಟ್ ಸುರಿದು ಕಟ್ಟಿಕೊಂಡ ಸ್ಕೇಟ್‌ಪಾರ್ಕ್ ಇದೆ. ಈಗ ಅದು ಪ್ರಪಂಚದ ಸ್ಕೇಟರುಗಳಿಗೆಲ್ಲ ಗೊತ್ತಿರುವ ಜಾಗ. ಅದನ್ನು ಉಳಿಸಿಕೊಂಡೇ ಸೇತುವೆ ಕಟ್ಟುವ ದಾರಿ ಹುಡುಕಬೇಕೆಂದು ಜನ ಪಟ್ಟು ಹಿಡಿದರು, ಯೋಜನೆ ಅದನ್ನು ಕಿವಿಗೆ ಹಾಕಿಕೊಂಡಿತು. ಇದು ನನಗೆ ಬಹಳ ಹಿಡಿಸಿದ ಸಂಗತಿ. ದೊಡ್ಡ ಕೆಲಸ ಅಂದ ತಕ್ಷಣ ಅಡಿಯಲ್ಲಿ ಬದುಕುವವರನ್ನು ಒರೆಸಿಹಾಕಬೇಕು ಅಂತೇನಿಲ್ಲ.

ಮತ್ತೊಂದು ಕಟ್ಟು ಅಂದರೆ ಈ ಸೇತುವೆ ತೆರೆದುಕೊಳ್ಳಬೇಕು. ರಾಮೇಶ್ವರಕ್ಕೆ ಹೋದವರಿಗೆ ಪಾಂಬನ್ ರೈಲು ಸೇತುವೆ ಹಡಗಿಗೆ ದಾರಿ ಬಿಡುವುದು ಗೊತ್ತು. 1914ರ ಹಳೆಯ ಪಾಂಬನ್ ಸೇತುವೆಯ ಎರಡು ರೆಕ್ಕೆಗಳು ಮೇಲೆದ್ದು ತೆರೆಯುತ್ತಿದ್ದವು. ಬರ್ನ್‌ಸೈಡ್‌ನ ನಡುಭಾಗವೂ ಹಾಗೆ ಎದ್ದು ತೆರೆಯುವಂಥದ್ದು. ಇದನ್ನು ಬಿಟ್ಟು ತೆರೆಯದ ಸೇತುವೆಯನ್ನೇ ಹಾಕಿದರೆ ಎಷ್ಟು ಸಲೀಸು! ಆದರೆ ನದಿಯಲ್ಲಿ ಹಡಗಿನ ಓಡಾಟಕ್ಕೆ ಅಡ್ಡಿಯಾಗಬಾರದು ಎಂಬುದು ಕೋಸ್ಟ್ ಗಾರ್ಡ್ ನಿಯಮ. ಹಡಗು ಅಡಿಯಲ್ಲಿ ಹೋಗುವಷ್ಟು ಎತ್ತರಕ್ಕೆ ಕಟ್ಟಿದರೆ ಸೇತುವೆ ನೆಲಕ್ಕೆ ಇಳಿಯುವಷ್ಟರಲ್ಲಿ ಪೇಟೆಯ ಎಷ್ಟೋ ಬೀದಿ ದಾಟಿರುತ್ತದೆ. ಹಾಗಾಗಿ ಎತ್ತುವ ಸೇತುವೆಯೇ ಗತಿ. ಭೂಕಂಪದ ದೃಷ್ಟಿಯಲ್ಲಿ ಇದೇ ಅತಿ ಕಷ್ಟದ ಭಾಗ. ಎರಡು ರೆಕ್ಕೆ, ಒಂದೊಂದಕ್ಕೂ ಹಿಂದೆ ಭಾರಿ ಕಾಂಕ್ರೀಟ್ ತೂಕ, ನಡುವೆ ಗೇರು, ಬೀಗ. ರೆಕ್ಕೆಗಳನ್ನು ಹೊತ್ತ ಎರಡು ಕಂಬಗಳು ಬೇರೆಬೇರೆ ಲಯದಲ್ಲಿ ಅಲುಗಿದರೆ ರೆಕ್ಕೆಗಳ ತುದಿ ಒಂದಕ್ಕೊಂದು ಬಡಿಯುತ್ತವೆ. ಅಲುಗಾಟ ನಿಂತಾಗ ಎರಡು ತುದಿಗಳ ಮಟ್ಟ ಒಂದು ಹಿಡಿ ತಪ್ಪಿದರೂ ಲಾರಿ ದಾಟಲಾರದು. ಅದಕ್ಕಾಗಿಯೇ ನದಿಯ ನಡುವಿನ ಎರಡು ಅಡಿಪಾಯಗಳು ಇಡೀ ಸೇತುವೆಯಲ್ಲಿ ಅತಿ ದೊಡ್ಡವಾಗಬೇಕು.

ನೋಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಶ್ಚಿಮದಲ್ಲಿ ಹಳೆ ಪೇಟೆಯ ನೋಟಕ್ಕೆ ಅಡ್ಡ ಬಾರದ ಸರಳ ಗರ್ಡರ್ (ತೊಲೆ), ಪೂರ್ವದಲ್ಲಿ ತಲೆಕೆಳಗಾದ ವೈ ಆಕಾರದ ಗೋಪುರದಿಂದ ಕೇಬಲ್ ಇಳಿಬಿಟ್ಟ ಉದ್ದ ಸ್ಪ್ಯಾನ್. 2024ರಲ್ಲಿ ಈ ಆಯ್ಕೆ ಆಯಿತು. ಕಮಾನು ಬೇಕಾ, ಕೇಬಲ್ ಬೇಕಾ ಎಂಬ ಚರ್ಚೆಯಲ್ಲಿ ಊರಿನವರು ಬಹಳ ಉತ್ಸಾಹದಿಂದ ಪಾಲ್ಗೊಂಡರು.

ಚರ್ಚೆ ಬೇಡ ಅನ್ನುತ್ತಿಲ್ಲ. ಆದರೆ ಚರ್ಚೆಗೂ ಒಂದು ಬೆಲೆ ಇದೆ ಎಂದು ಸ್ಯಾನ್ ಫ್ರಾನ್ಸಿಸ್ಕೋದ ಬೇ ಬ್ರಿಜ್ ತೋರಿಸಿದೆ. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಅದರ ಪೂರ್ವ ಭಾಗದ ಮೇಲಿನ ಡೆಕ್‌ನ ಸುಮಾರು 15 ಮೀಟರ್ ತುಂಡು ಕೆಳಗಿನ ಡೆಕ್ ಮೇಲೆ ಬಿತ್ತು. ಒಂದು ತಿಂಗಳಲ್ಲಿ ದುರಸ್ತಿ ಮಾಡಿ ಗಾಡಿ ಬಿಟ್ಟರು. ಆಮೇಲೆ ಬಲಪಡಿಸುವುದಾ, ಬದಲಿಸುವುದಾ ಎಂಬ ಪ್ರಶ್ನೆ ಬಂತು. ಬದಲಿಸುವುದು ಅಂತ 1997ರಲ್ಲಿ ತೀರ್ಮಾನವಾಯಿತು. ಆಗ ಖರ್ಚಿನ ಅಂದಾಜು ನೂರು ಕೋಟಿ ಡಾಲರ್‌ಗೆ ಸ್ವಲ್ಪ ಮೇಲೆ. ಬರೀ ಕಂಬದ ಮೇಲಿನ ಸಾದಾ ಸೇತುವೆ ಸಾಕು ಎನ್ನುವವರು ಒಂದು ಕಡೆ, ಗುರುತಿಗೊಂದು ಗೋಪುರ ಬೇಕು ಎನ್ನುವವರು ಇನ್ನೊಂದು ಕಡೆ. ಸೇತುವೆ ಯಾವ ಸಾಲಿನಲ್ಲಿ ಹೋಗಬೇಕು ಎಂಬುದಕ್ಕೆ ನಗರ, ನೌಕಾಪಡೆ, ರಾಜ್ಯ ಎಲ್ಲರೂ ಎಳೆದಾಡಿದರು. 2004ರಲ್ಲಿ ಗೋಪುರದ ಭಾಗಕ್ಕೆ ಬಂದದ್ದು ಒಂದೇ ಟೆಂಡರ್, ಅದೂ ಅಂದಾಜಿಗಿಂತ ಎಷ್ಟೋ ಹೆಚ್ಚು. ಕೊನೆಗೆ 2013ರ ಸೆಪ್ಟೆಂಬರ್‌ನಲ್ಲಿ ತೆರೆದಾಗ ಖರ್ಚು 640 ಕೋಟಿ ಡಾಲರ್ ಸುತ್ತಮುತ್ತ. ತೆರೆಯುವ ಕೆಲವೇ ತಿಂಗಳ ಮೊದಲು ಭೂಕಂಪದಲ್ಲಿ ಹಿಡಿದಿಡಬೇಕಾದ 96 ದೊಡ್ಡ ಉಕ್ಕಿನ ಸರಳುಗಳಲ್ಲಿ 32 ತುಂಡಾಗಿದ್ದವು, ಅದಕ್ಕೆ ಬೇರೆ ಪರಿಹಾರ ಹುಡುಕಬೇಕಾಯಿತು. ಭೂಕಂಪವಾದ ದಿನದಿಂದ ಎಣಿಸಿದರೆ ಹೆಚ್ಚುಕಮ್ಮಿ 24 ವರ್ಷ. ಅಷ್ಟು ವರ್ಷವೂ ಜನ, ಬೇ ಏರಿಯಾದ ಸಾವಿರಾರು ಕನ್ನಡಿಗರೂ ಸೇರಿ, ಅಪಾಯ ಅಂತ ಗೊತ್ತಿದ್ದ ಅದೇ ಹಳೆ ಸೇತುವೆಯ ಮೇಲೆ ಓಡಾಡಿದರು. ಆ ಅವಧಿಯಲ್ಲಿ ಇನ್ನೊಂದು ದೊಡ್ಡ ಭೂಕಂಪ ಬರಲಿಲ್ಲ, ಅಷ್ಟೇ.

ಪೋರ್ಟ್‌ಲ್ಯಾಂಡ್ ಆ ಪುಣ್ಯವನ್ನು ನಂಬಿ ಕೂರಬಾರದು. ಮುಂದಿನ 50 ವರ್ಷದಲ್ಲಿ ಕ್ಯಾಸ್ಕೇಡಿಯಾ ಪೂರ್ತಿ ಬಿರಿಯುವ ಸಾಧ್ಯತೆ ನೂರಕ್ಕೆ ಹತ್ತರಿಂದ ಹದಿನೈದು ಎಂದು ವಿಜ್ಞಾನಿಗಳ ಅಂದಾಜು. ದಕ್ಷಿಣ ಭಾಗ ಮಾತ್ರ 8ಕ್ಕಿಂತ ದೊಡ್ಡದಾಗಿ ಅಲುಗುವ ಸಾಧ್ಯತೆ ಮೂರರಲ್ಲಿ ಒಂದಕ್ಕೂ ಸ್ವಲ್ಪ ಹೆಚ್ಚು. ಒರೆಗಾನ್ ಸರ್ಕಾರವೇ 2013ರಲ್ಲಿ ಮಾಡಿಸಿದ ಯೋಜನಾ ವರದಿಯ ಪ್ರಕಾರ ವಿಲ್ಯಾಮೆಟ್ ಕಣಿವೆಯ ಊರುಗಳಲ್ಲಿ ಕರೆಂಟ್ ಬರಲು ಒಂದರಿಂದ ಮೂರು ತಿಂಗಳು, ನೀರಿನ ಕೊಳಾಯಿ ಸರಿಹೋಗಲು ಒಂದು ತಿಂಗಳಿನಿಂದ ಒಂದು ವರ್ಷ. ರಾಜ್ಯಕ್ಕೆ ಬೇಕಾದ ಇಂಧನದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲೆ ಹಾದುಹೋಗುವ ಟ್ಯಾಂಕುಗಳು ಇದೇ ನದಿಯ ದಡದಲ್ಲಿ, ಇಂಥದ್ದೇ ಸಡಿಲ ಮಣ್ಣಿನ ಮೇಲಿವೆ. ಅಂಥ ಊರಿನಲ್ಲಿ ನದಿ ದಾಟುವ ಒಂದು ದಾರಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು.

ದುಡ್ಡು? ಪರಿಸರ ಅಧ್ಯಯನದ ಹಂತದಲ್ಲಿ ಖರ್ಚಿನ ಅಂದಾಜು ಸುಮಾರು 90 ಕೋಟಿ ಡಾಲರ್ ಇತ್ತು, ನಮ್ಮ ಲೆಕ್ಕದಲ್ಲಿ ಏಳು ಸಾವಿರ ಕೋಟಿ ರೂಪಾಯಿಗೂ ಮೇಲೆ. ಒಂದು ಕೌಂಟಿಗೆ ಇದು ಹೊರಲಾಗದ ಹೊರೆ. 2021ರಿಂದ ಮಲ್ಟ್‌ನೋಮಾ ಕೌಂಟಿಯಲ್ಲಿ ನೋಂದಣಿಯಾದ ಪ್ರತಿ ಕಾರಿಗೆ ವರ್ಷಕ್ಕೆ 56 ಡಾಲರ್ ಶುಲ್ಕ ಹಾಕಿ ಸ್ವಲ್ಪ ಭಾಗ ಕೂಡಿಸುತ್ತಿದ್ದಾರೆ. ಉಳಿದದ್ದು ಹೆಚ್ಚಾಗಿ ಕೇಂದ್ರ ಸರ್ಕಾರದ ಕಡೆಯಿಂದ ಬರಬೇಕು. ಖರ್ಚು ಇಳಿಸಲು 2022ರಲ್ಲಿ ಸೇತುವೆಯ ಅಗಲ ತಗ್ಗಿಸಿದರು, ಐದು ಲೇನ್ ಇದ್ದದ್ದು ನಾಲ್ಕಾಯಿತು. ಕಟ್ಟುವಾಗ ಪಕ್ಕದಲ್ಲಿ ತಾತ್ಕಾಲಿಕ ಸೇತುವೆ ಬೇಡ ಎಂದೂ ತೀರ್ಮಾನವಾಯಿತು. ಅದಕ್ಕೂ ಹಡಗು ಹೋಗಲು ತೆರೆಯುವ ಭಾಗ ಬೇಕಿತ್ತು, ಕೋಟ್ಯಂತರ ಡಾಲರ್ ಹೋಗುತ್ತಿತ್ತು, ಕೆಲಸವೂ ಉದ್ದವಾಗುತ್ತಿತ್ತು. ಅಂದರೆ ನಾಲ್ಕೈದು ವರ್ಷ ಬರ್ನ್‌ಸೈಡ್ ಬಂದ್. ಬಸ್ಸಿನವರಿಗೆ, ಸೈಕಲ್‌ನವರಿಗೆ, ಸೇತುವೆಯ ಬುಡದ ಅಂಗಡಿಗಳಿಗೆ ಇದು ನಿಜವಾದ ತೊಂದರೆ. ಪಕ್ಕದ ಮಾರಿಸನ್, ಸ್ಟೀಲ್ ಸೇತುವೆಗಳ ಮೇಲೆ ಒತ್ತಡ ಬೀಳುತ್ತದೆ.

ಈ ಎರಡು ಕಡಿತಗಳೂ ನನಗೆ ಒಪ್ಪಿಗೆ. ಲೇನ್ ಒಂದು ಕಡಿಮೆಯಾದರೆ ದಿನಾ ಐದು ನಿಮಿಷ ಟ್ರಾಫಿಕ್‌ನಲ್ಲಿ ಕೂರಬೇಕಾದೀತು, ಭೂಕಂಪದ ಮರುದಿನಕ್ಕೆ ನಾಲ್ಕು ಲೇನ್ ಧಾರಾಳ. ಆದರೆ ದುಡ್ಡು ಸಾಲದೆ ಬಂದಾಗ ಕತ್ತರಿ ಮುಂದೆ ಎಲ್ಲಿ ಬೀಳುತ್ತದೆ ಎಂಬುದನ್ನು ಕಾಯ್ದು ನೋಡಬೇಕು. ಅಡಿಪಾಯದ ಆಳಕ್ಕೆ, ಕಂಬಗಳ ಗಟ್ಟಿತನಕ್ಕೆ, ‘ಅಲುಗಿದ ಮೇಲೂ ಬಳಕೆಗೆ ಸಿಗಬೇಕು’ ಎಂಬ ಗುರಿಗೆ ಕತ್ತರಿ ಹಾಕಿದರೆ ಅಷ್ಟೂ ದುಡ್ಡು ಖರ್ಚು ಮಾಡಿ ಇನ್ನೊಂದು ಸಾಧಾರಣ ಸೇತುವೆ ಕಟ್ಟಿದಂತಾಗುತ್ತದೆ. ಅಂಥ ಕಡಿತ ಕಣ್ಣಿಗೆ ಕಾಣುವುದೂ ಇಲ್ಲ. ಲೇನ್ ಕಡಿಮೆಯಾದರೆ ಜನ ಕೂಗುತ್ತಾರೆ, ನೆಲದಡಿಯ ಕಾಂಕ್ರೀಟ್ ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಶುಲ್ಕದ ವಿಷಯದಲ್ಲೂ ಒಂದು ಮಾತು. ಹಿಲ್ಸ್‌ಬರೋ, ಬೀವರ್ಟನ್ ಕಡೆಯ ಚಿಪ್ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡದ ಮನೆಗಳು ಬಹಳ ಇವೆ. ಅವರು ಇರುವುದು ವಾಷಿಂಗ್ಟನ್ ಕೌಂಟಿಯಲ್ಲಿ, ಈ 56 ಡಾಲರ್ ಅವರಿಗೆ ಅನ್ವಯಿಸುವುದಿಲ್ಲ. ಆದರೆ ವಿಮಾನ ನಿಲ್ದಾಣ ನದಿಯ ಆಚೆ ಇದೆ. ಹೊರಗಿನ ನೆರವು ಅಲ್ಲಿ ಬಂದಿಳಿದರೆ ಅವರ ಮನೆಯವರೆಗೆ ತಲುಪಲು ನದಿ ದಾಟಲೇಬೇಕು. ಸೇತುವೆ ಮಲ್ಟ್‌ನೋಮಾದ್ದು, ಅದರ ಅಗತ್ಯ ಸುತ್ತಲ ಮೂರು ಕೌಂಟಿಗಳದ್ದು. ಹಾಗಿರುವಾಗ ಸ್ಥಳೀಯ ಪಾಲನ್ನು ಒಂದೇ ಕೌಂಟಿಯ ಕಾರುಗಳ ಮೇಲೆ ಹೊರಿಸುವುದು ಸರಿಯಾದ ಹಂಚಿಕೆ ಅಲ್ಲ. 2024ರಲ್ಲಿ ಕೇಂದ್ರದಿಂದ ಪರಿಸರ ಅನುಮತಿ ಸಿಕ್ಕಿದೆ, ಮಣ್ಣಿನ ಪರೀಕ್ಷೆ ಆಗಿದೆ, ಆಕಾರವೂ ನಿಗದಿಯಾಗಿದೆ. 2028ರ ಹೊತ್ತಿಗೆ ಕೆಲಸ ಶುರು ಎಂಬ ಲೆಕ್ಕ ಇಟ್ಟುಕೊಂಡೇ ಇಷ್ಟೆಲ್ಲ ನಡೆದದ್ದು. ಇನ್ನು ಬೇಕಾಗಿರುವುದು ಪಕ್ಕದ ಕೌಂಟಿಗಳ, ರಾಜ್ಯದ ಮತ್ತು ವಾಷಿಂಗ್ಟನ್ ಡಿಸಿಯ ದುಡ್ಡು. ಅದನ್ನು ಕೇಳಬೇಕಾದವರಲ್ಲಿ ಪಶ್ಚಿಮ ದಡದವರೂ ಸೇರಿದ್ದಾರೆ.